ಕಾಸ್ಟ್ ಐರನ್ ಬುಲೆಟ್ 500ಗೆ ಯಾವ ಕ್ಯಾಮ್? ಪೇಟೆಯಲ್ಲಿ ಸಿಗುವ ಮೂರು ಬಗೆಯ ವಿಮರ್ಶೆ

ಎಂಜಿನ್ನಿನ ವಾಲ್ವ್‌ಗಳನ್ನು ತೆರೆದು ಮುಚ್ಚುವ, ತಿರುಗುವ ಮೊಟ್ಟೆಯಾಕಾರದ ಭಾಗವೇ ಕ್ಯಾಮ್; ಅದು ವಾಲ್ವನ್ನು ಎಷ್ಟು ಎತ್ತುತ್ತದೆ ಎಂಬುದೇ ಲಿಫ್ಟ್. ಹೈ ಲಿಫ್ಟ್ ಕ್ಯಾಮ್ ಹಾಕಿಸಿದ ಮೇಲೆ ಗಾಡಿ ಮೊದಲಿಗಿಂತ ಮಂಕಾಯಿತು ಎಂಬ ದೂರು ಬುಲೆಟ್ ಇಟ್ಟುಕೊಂಡವರಲ್ಲಿ ಪದೇ ಪದೇ ಕೇಳಿಬರುತ್ತದೆ. ಐಡ್ಲಿಂಗ್ ನಿಲ್ಲುವುದಿಲ್ಲ, ಎರಡನೇ ಗೇರಿನಲ್ಲಿ ಮೊದಲಿದ್ದ ಎಳೆತ ಇಲ್ಲ, ಬಿಸಿಯಾದ ಎಂಜಿನ್ ಒಂದು ಕಿಕ್‌ಗೆ ಹಿಡಿಯುವುದಿಲ್ಲ. ಕ್ಯಾಮ್ ಕಳಪೆ ಎಂದು ಬೈದು ಹಳೆಯದನ್ನೇ ಮತ್ತೆ ಕೂರಿಸುತ್ತಾರೆ. ಬಹಳ ಸಲ ತಪ್ಪು ಕ್ಯಾಮಿನದ್ದಲ್ಲ. ಅದರ ಜೊತೆ ಬದಲಾಗಬೇಕಿದ್ದ ಪಿಸ್ಟನ್, ವಾಲ್ವ್ ಸ್ಪ್ರಿಂಗ್, ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಅಳತೆ ಮಾಡಿ ಬಿಡುವ ಸಣ್ಣ ರಂಧ್ರದ ತುಂಡು) ಯಾವುದೂ ಬದಲಾಗಿರುವುದಿಲ್ಲ, ಅಷ್ಟೆ. ಕ್ಯಾಮ್ ಹೊಸ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಎಂಜಿನ್ ಯಾವ ಆರ್‌ಪಿಎಂನಲ್ಲಿ ಚೆನ್ನಾಗಿ ಉಸಿರಾಡಬೇಕು ಎಂಬುದನ್ನು ಮೇಲಕ್ಕೋ ಕೆಳಕ್ಕೋ ಸರಿಸುತ್ತದೆ. ಹಾಗಾಗಿ ಕ್ಯಾಮ್ ಕೊಳ್ಳುವ ಮುಂಚೆ ಗಾಡಿ ದಿನಾ ಎಷ್ಟು ಆರ್‌ಪಿಎಂನಲ್ಲಿ ಓಡುತ್ತದೆ, ಕಂಪ್ರೆಷನ್ (ಪಿಸ್ಟನ್ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ) ಎಷ್ಟಿದೆ ಎನ್ನುವುದು ಗೊತ್ತಿರಬೇಕು.

ಇಲ್ಲಿ ಮಾತಾಡುತ್ತಿರುವುದು ಹಳೆಯ ಎಂಜಿನ್ ಬಗ್ಗೆ ಮಾತ್ರ: ಕಬ್ಬಿಣದ ಬ್ಯಾರೆಲ್, ಪಾಯಿಂಟ್ ಇಗ್ನಿಷನ್, ಬಲಗಡೆ ಟೈಮಿಂಗ್ ಕವರ್ ಒಳಗೆ ಎರಡು ಕ್ಯಾಮ್. 84 ಮಿ.ಮೀ ಬೋರ್, 90 ಮಿ.ಮೀ ಸ್ಟ್ರೋಕ್, 499 ಸಿಸಿ, ಕಂಪ್ರೆಷನ್ 6.5:1. ಕಂಪನಿ ಹೇಳುವ ಶಕ್ತಿ 5,400 ಆರ್‌ಪಿಎಂನಲ್ಲಿ 22 ಬಿಎಚ್‌ಪಿ, ಟಾರ್ಕ್ 3,000 ಆರ್‌ಪಿಎಂನಲ್ಲೇ 35 ನ್ಯೂಟನ್ ಮೀಟರ್. ಈ ಕೊನೆಯ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಚಾರ್ಮಾಡಿಯನ್ನೋ ಶಿರಾಡಿಯನ್ನೋ ಹಿಂದೊಬ್ಬರನ್ನು ಕೂರಿಸಿಕೊಂಡು ಹತ್ತುವಾಗ ಬುಲೆಟ್ ಇರುವುದು ಹೆಚ್ಚುಕಡಿಮೆ ಆ 3,000ದ ಆಸುಪಾಸಿನಲ್ಲೇ. ಅಲ್ಲಿಂದ ಟಾರ್ಕ್ ಕಿತ್ತು 5,000ಕ್ಕೆ ಕೊಂಡೊಯ್ಯುವ ಕ್ಯಾಮ್, ಘಾಟಿ ಹತ್ತುವವರಿಗೆ ನಷ್ಟದ ವ್ಯಾಪಾರ.

ಆಮೇಲೆ ಬಂದ ಯುಸಿಇ (ಯೂನಿಟ್ ಕನ್‌ಸ್ಟ್ರಕ್ಷನ್) ಎಂಜಿನ್ನಿನಲ್ಲಿ ಟ್ಯಾಪೆಟ್, ಅಂದರೆ ಕ್ಯಾಮಿನ ಎತ್ತುವಿಕೆಯನ್ನು ವಾಲ್ವ್ ಕಡೆಗೆ ಒಯ್ಯುವ ಭಾಗ, ಹೈಡ್ರಾಲಿಕ್ ಆಗಿರುವುದರಿಂದ ಅದರ ಲೆಕ್ಕವೇ ಬೇರೆ. ಅದರ ಭಾಗಗಳು ಇದಕ್ಕೆ ಕೂರುವುದಿಲ್ಲ, ಇದರವು ಅದಕ್ಕೂ ಇಲ್ಲ.

ಕ್ಯಾಮ್ ಜೊತೆ ಬರುವ ಕಾರ್ಡಿನಲ್ಲಿ ನಾಲ್ಕು ಕೋನಗಳು ಮತ್ತು ಲಿಫ್ಟ್ ಬರೆದಿರುತ್ತದೆ. ಎಲ್ಲರ ಕಣ್ಣು ಲಿಫ್ಟ್ ಮೇಲೆ ಹೋಗುತ್ತದೆ. ಮೊದಲು ನೋಡಬೇಕಾದದ್ದು ಇನ್‌ಲೆಟ್ ವಾಲ್ವ್ ಮುಚ್ಚುವ ಕೋನ. ಹಳೆಯ ಬುಲೆಟ್ಟಿನ ಮೂಲ ಟೈಮಿಂಗ್ ಹೀಗಿದೆ: ಇನ್‌ಲೆಟ್ ತೆರೆಯುವುದು ಟಿಡಿಸಿಗೆ (ಪಿಸ್ಟನ್ ತೀರಾ ಮೇಲಿರುವ ಬಿಂದು) 30 ಡಿಗ್ರಿ ಮುಂಚೆ, ಮುಚ್ಚುವುದು ಬಿಡಿಸಿ (ಪಿಸ್ಟನ್ ತೀರಾ ಕೆಳಗಿರುವ ಬಿಂದು) ಆಗಿ 60 ಡಿಗ್ರಿ ನಂತರ. ಎಕ್ಸಾಸ್ಟ್ ತೆರೆಯುವುದು ಬಿಡಿಸಿಗೆ 75 ಮುಂಚೆ, ಮುಚ್ಚುವುದು ಟಿಡಿಸಿಯ 35 ನಂತರ. ಅಂದರೆ ಇನ್‌ಲೆಟ್ 270 ಡಿಗ್ರಿ, ಎಕ್ಸಾಸ್ಟ್ 290 ಡಿಗ್ರಿ ತೆರೆದಿರುತ್ತದೆ. ಎರಡೂ ಒಟ್ಟಿಗೆ ತೆರೆದಿರುವ ಓವರ್‌ಲ್ಯಾಪ್ 65 ಡಿಗ್ರಿ. ಕಂಪನಿ ಕ್ಯಾಮೇ ಅಂಥ ಸೌಮ್ಯದ್ದಲ್ಲ ಎಂಬುದು ಇದರಲ್ಲೇ ಗೊತ್ತಾಗುತ್ತದೆ.

ಪಿಸ್ಟನ್ ಕೆಳಗಿನಿಂದ ಮೇಲೆ ಹೊರಟರೂ ಇನ್‌ಲೆಟ್ ಮುಚ್ಚುವ ತನಕ ಒತ್ತುವ ಕೆಲಸ ಶುರುವಾಗುವುದಿಲ್ಲ. ಕನೆಕ್ಟಿಂಗ್ ರಾಡನ್ನು ಸ್ಟ್ರೋಕಿನ ಎರಡು ಪಟ್ಟು ಉದ್ದ ಎಂದು ಹಿಡಿದು ಲೆಕ್ಕ ಹಾಕೋಣ. 60 ಡಿಗ್ರಿಗೆ ವಾಲ್ವ್ ಮುಚ್ಚಿದರೆ 90 ಮಿ.ಮೀ ಸ್ಟ್ರೋಕಿನಲ್ಲಿ ಒತ್ತಲು ಉಳಿಯುವುದು ಸುಮಾರು 72 ಮಿ.ಮೀ. 6.5:1 ಎಂದು ಬರೆದಿರುವ ಎಂಜಿನ್ನಿನ ನಿಜವಾದ ಒತ್ತುವ ಅನುಪಾತ 5.4ಕ್ಕೆ ಇಳಿಯುತ್ತದೆ. 70 ಡಿಗ್ರಿಗೆ ಮುಚ್ಚುವ ಪರ್ಫಾರ್ಮೆನ್ಸ್ ಕ್ಯಾಮ್ ಹಾಕಿದರೆ ಉಳಿಯುವುದು ಸುಮಾರು 65 ಮಿ.ಮೀ, ಅನುಪಾತ 5.0. ಮೊದಲೇ ಕಡಿಮೆ ಕಂಪ್ರೆಷನ್ನಿನ ಎಂಜಿನ್, ಅದರಿಂದ ಇನ್ನಷ್ಟು ಕಿತ್ತುಕೊಂಡ ಹಾಗಾಯಿತು. ಮಂಕಾಗುವುದು ಇಲ್ಲೇ. ಅದೇ 70 ಡಿಗ್ರಿ ಕ್ಯಾಮನ್ನು 8.5:1 ಪಿಸ್ಟನ್ ಜೊತೆ ಹಾಕಿದರೆ ಅನುಪಾತ ಸುಮಾರು 6.4. ಕಂಪನಿ ಕ್ಯಾಮ್ ಇಟ್ಟುಕೊಂಡೇ 8.5:1 ಪಿಸ್ಟನ್ ಹಾಕಿದರೆ 7ರ ಹತ್ತಿರ. ಕ್ಯಾಮ್ ಮುಟ್ಟದೆ ಬರೀ ಪಿಸ್ಟನ್ ಬದಲಾಯಿಸಿದವರಿಗೆ ಕೆಳಗಿನ ಎಳೆತ ಅಷ್ಟು ಚೆನ್ನಾಗಿ ಸಿಗುವುದಕ್ಕೆ ಕಾರಣ ಇದು.

ಈಗ ಪೇಟೆಯಲ್ಲಿ ಸಿಗುವ ಮೂರು ಬಗೆ ನೋಡೋಣ.

ಮೊದಲನೆಯದು ಕಂಪನಿ ಅಳತೆಯ ಹೊಸ ಜೋಡಿ. ಬೆಂಗಳೂರಿನ ಜೆ.ಸಿ. ರೋಡಿನಂಥ ಸ್ಪೇರ್ ಪಾರ್ಟ್ಸ್ ಬೀದಿಯಲ್ಲಿ ಸಿಗುತ್ತದೆ, ಆದರೆ ಪೆಟ್ಟಿಗೆ ನೋಡಿ ಕೊಳ್ಳಬೇಡಿ, ಕ್ಯಾಮ್ ನೋಡಿ ಕೊಳ್ಳಿ. ಸವೆದ ಕ್ಯಾಮ್ ಇರುವ ಗಾಡಿಗೆ ಇದರಿಂದ ಆಗುವ ಬದಲಾವಣೆಯನ್ನು ಜನ ಕಡಿಮೆ ಅಂದಾಜು ಮಾಡುತ್ತಾರೆ. ಲೋಬ್‌ನ (ಕ್ಯಾಮಿನ ಉಬ್ಬು) ಮೂಗು, ಅಂದರೆ ಅದರ ತುದಿ, ಅರ್ಧ ಮಿಲಿಮೀಟರ್ ಸವೆದಿದ್ದರೆ ಅಷ್ಟೂ ಲಿಫ್ಟ್ ಹೋಯಿತು, ಜೊತೆಗೆ ತೆರೆಯುವ ಮುಚ್ಚುವ ಕೋನವೂ ಅಡ್ಡಾದಿಡ್ಡಿ. ಪರ್ಫಾರ್ಮೆನ್ಸ್ ಕ್ಯಾಮ್ ಬೇಕೆಂದು ಬರುವ ಹಳೆಯ ಗಾಡಿಗಳಲ್ಲಿ ಅನೇಕಕ್ಕೆ ನಿಜವಾಗಿ ಬೇಕಿರುವುದು ಹೊಸ ಕಂಪನಿ ಕ್ಯಾಮ್, ಹೊಸ ಟ್ಯಾಪೆಟ್ ಮತ್ತು ಸರಿಯಾದ ವಾಲ್ವ್ ಸೀಟಿಂಗ್. ದಿನಬಳಕೆಗೆ, ಘಾಟಿಗೆ, ದೂರ ಪ್ರಯಾಣಕ್ಕೆ ನಮ್ಮ ಮೊದಲ ಆಯ್ಕೆ ಇದೇ.

ಎರಡನೆಯದು ಲೇತ್ ಅಂಗಡಿಯಲ್ಲಿ ಗ್ರೈಂಡ್ ಮಾಡಿಸಿದ ಕ್ಯಾಮ್. ಹಳೆಯ ಕ್ಯಾಮಿನ ತಳದ ವೃತ್ತವನ್ನು (ಉಬ್ಬಿಲ್ಲದ ದುಂಡು ಭಾಗ) ಅರೆದು ಸಣ್ಣದು ಮಾಡುತ್ತಾರೆ. ಮೂಗು ಇದ್ದಲ್ಲೇ ಇರುವುದರಿಂದ ಲಿಫ್ಟ್ ಹೆಚ್ಚುತ್ತದೆ. ಇದನ್ನು ಶಿಫಾರಸು ಮಾಡಲು ಮನಸ್ಸು ಬರುವುದಿಲ್ಲ, ಕಾರಣ ಎರಡು. ಕ್ಯಾಮಿನ ಗಡಸುತನ ಇರುವುದು ಮೇಲಿನ ತೆಳುವಾದ ಪದರದಲ್ಲಿ. ಅದನ್ನು ಅರೆದು ಮತ್ತೆ ಹಾರ್ಡನಿಂಗ್ ಮಾಡದೆ ಕೊಟ್ಟರೆ ಬೆಣ್ಣೆಯ ಹಾಗೆ ಸವೆಯುತ್ತದೆ. ಸವೆದ ಲೋಹದ ಪುಡಿ ಎಣ್ಣೆಯಲ್ಲಿ ಸೇರಿ ಬಿಗ್ ಎಂಡ್ (ಕನೆಕ್ಟಿಂಗ್ ರಾಡಿನ ಕ್ರ್ಯಾಂಕ್ ಕಡೆಯ ತುದಿ) ಬುಷ್ ತನಕ ಹೋಗುತ್ತದೆ. ಎರಡನೆಯದಾಗಿ, ತಳದ ವೃತ್ತ ಸಣ್ಣದಾದಷ್ಟೂ ಟ್ಯಾಪೆಟ್ ಕೆಳಗೆ ಕೂರುತ್ತದೆ, ಪುಶ್‌ರಾಡ್ (ಟ್ಯಾಪೆಟ್ಟಿನಿಂದ ಮೇಲಿನ ರಾಕರನ್ನು ತಳ್ಳುವ ಸರಳು) ಅಡ್ಜಸ್ಟರನ್ನು ಅಷ್ಟು ಹೊರಗೆ ತಿರುಗಿಸಬೇಕಾಗುತ್ತದೆ. ಲಾಕ್ ನಟ್ ಕೆಳಗೆ ಉಳಿದ ಎರಡೇ ಸುತ್ತು ಥ್ರೆಡ್ ಮೇಲೆ ಇಡೀ ವಾಲ್ವ್ ಸ್ಪ್ರಿಂಗಿನ ಭಾರ ಕೂರುವುದು ಒಳ್ಳೆಯದಲ್ಲ. ವೆಲ್ಡ್ ತುಂಬಿಸಿ ಅರೆದ ಕ್ಯಾಮಂತೂ ಬೇಡವೇ ಬೇಡ: ವೆಲ್ಡಿನ ಅಂಚಿನಲ್ಲಿ ಚಕ್ಕೆ ಏಳುತ್ತದೆ. ಬೇರೆ ದಾರಿ ಇಲ್ಲದೆ ಗ್ರೈಂಡ್ ಮಾಡಿಸಲೇಬೇಕಾದರೆ ಎರಡೂ ಲೋಬ್‌ಗಳ ಗಡಸುತನವನ್ನು ಅಳೆಸಿ ರಾಕ್‌ವೆಲ್ ಅಂಕಿಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಮೂರನೆಯದು ಪರ್ಫಾರ್ಮೆನ್ಸ್ ಜೋಡಿ. ಬುಲೆಟ್ ಎಂಜಿನ್ನಿನ ಮೇಲೆಯೇ ಕೆಲಸ ಮಾಡುವ ಇಂಗ್ಲೆಂಡಿನ ಹಿಚ್‌ಕಾಕ್ಸ್ ಮೋಟಾರ್‌ಸೈಕಲ್ಸ್‌ನಂಥವರು ಕ್ಯಾಮ್ ಮತ್ತು ಹೆಚ್ಚಿನ ಕಂಪ್ರೆಷನ್ ಪಿಸ್ಟನ್ ಎರಡನ್ನೂ ಮಾರುತ್ತಾರೆ. ಇಂಥ ಕ್ಯಾಮ್ ಕೊಳ್ಳುವಾಗ ಮಾರುವವರನ್ನು ಕೇಳಬೇಕಾದದ್ದು ಇಷ್ಟು: ಇನ್‌ಲೆಟ್ ಮುಚ್ಚುವ ಕೋನ ಎಷ್ಟು ಲಿಫ್ಟಿನಲ್ಲಿ ಅಳೆದದ್ದು? ಕಂಪನಿ ವಾಲ್ವ್ ಸ್ಪ್ರಿಂಗ್ ಸಾಕೇ? ಕಂಪನಿ ಟ್ಯಾಪೆಟ್ ನಡೆಯುತ್ತದೆಯೇ? ಟ್ಯಾಪೆಟ್ ಗ್ಯಾಪ್ ಶೂನ್ಯವೋ, ಇಷ್ಟೇ ಬಿಡಬೇಕೆಂದಿದೆಯೋ? ಮೊದಲ ಪ್ರಶ್ನೆ ಬಹಳ ಮುಖ್ಯ. ವಾಲ್ವ್ ಸೀಟಿನಿಂದ ಏಳುವ ಕ್ಷಣದಿಂದ ಅಳೆದರೆ 290 ಡಿಗ್ರಿ ಕಾಣುವ ಕ್ಯಾಮ್, ಒಂದು ಮಿಲಿಮೀಟರ್ ಎದ್ದ ಮೇಲೆ ಅಳೆದರೆ ಎಷ್ಟೋ ಕಡಿಮೆ ತೋರಿಸುತ್ತದೆ. ಇಬ್ಬರು ತಯಾರಕರ ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವ ಮುಂಚೆ ಇಬ್ಬರೂ ಒಂದೇ ಲಿಫ್ಟಿನಲ್ಲಿ ಅಳೆದಿದ್ದಾರೆಯೇ ನೋಡಿ.

ನಮ್ಮ ತೀರ್ಮಾನ: 6.5:1 ಪಿಸ್ಟನ್, ಕಂಪನಿ ಹೆಡ್, ಕಂಪನಿ ಸೈಲೆನ್ಸರ್ ಇರುವ ಗಾಡಿಗೆ ಪರ್ಫಾರ್ಮೆನ್ಸ್ ಕ್ಯಾಮ್ ಬೇಡ. 8.5:1ರ ಹತ್ತಿರದ ಪಿಸ್ಟನ್, ಪೋರ್ಟ್ ಕೆಲಸ ಆದ ಹೆಡ್, ದೊಡ್ಡ ಕಾರ್ಬ್ಯುರೇಟರ್ ಮೂರೂ ಇದ್ದರೆ ಮೂಲಕ್ಕಿಂತ ಏಳೆಂಟು ಡಿಗ್ರಿ ಮಾತ್ರ ತಡವಾಗಿ ಮುಚ್ಚುವ, ಲಿಫ್ಟ್ ಹೆಚ್ಚಿರುವ ಸೌಮ್ಯ ಜೋಡಿ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದೇ ಅವಧಿಯಲ್ಲಿ ವಾಲ್ವನ್ನು ಇನ್ನಷ್ಟು ಎತ್ತುವ ಕ್ಯಾಮ್, ಹೆಚ್ಚು ಹೊತ್ತು ತೆರೆದಿಡುವ ಕ್ಯಾಮಿಗಿಂತ ರಸ್ತೆ ಗಾಡಿಗೆ ಯಾವಾಗಲೂ ಮೇಲು. ಇನ್ನೂ ಉಗ್ರವಾದವು ಟ್ರ್ಯಾಕಿಗೆ ಸರಿ. ರಸ್ತೆಯಲ್ಲಿ ಅವಕ್ಕೆ ಬೇಕಾದ ಆರ್‌ಪಿಎಂ ಕೊಡುತ್ತಾ ಹೋದರೆ ಎರಕದ ಪಿಸ್ಟನ್ ಮತ್ತು ಫ್ಲೋಟಿಂಗ್ ಬುಷ್ ಬಿಗ್ ಎಂಡ್ ತಡೆಯುವುದಿಲ್ಲ.

ಕ್ಯಾಮ್ ಕೈಗೆ ಬಂದ ಮೇಲೆ ಕೂರಿಸುವ ಮುಂಚೆ ಮೇಜಿನ ಮೇಲೆ ಹತ್ತು ನಿಮಿಷದ ಕೆಲಸವಿದೆ. ಮೈಕ್ರೋಮೀಟರಿನಿಂದ ಮೂಗಿನಿಂದ ಹಿಂಭಾಗದ ತನಕ ಅಳೆಯಿರಿ, ಆಮೇಲೆ ಅದಕ್ಕೆ ಅಡ್ಡಲಾಗಿ ತಳದ ವೃತ್ತ ಅಳೆಯಿರಿ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಲೋಬ್ ಲಿಫ್ಟ್. ಹಳೆಯ ಕ್ಯಾಮಿನದ್ದೂ ಹೀಗೆಯೇ ಅಳೆದು ಬರೆದಿಡಿ. ಲೋಬ್ ಮೇಲೆ ಬೆರಳಿನ ಉಗುರು ಎಳೆದರೆ ಎಲ್ಲಿಯೂ ತಡೆಯಬಾರದು. ಕ್ಯಾಮನ್ನು ಸ್ಪಿಂಡಲ್ ಮೇಲೆ ಹಾಕಿ ಅಲ್ಲಾಡಿಸಿ: ಬುಷ್ ಸಡಿಲವಿದ್ದರೆ ಗೇರ್ ಕೂಗುತ್ತದೆ. ಎರಡು ಗೇರ್‌ಗಳ ನಡುವೆ ಸ್ವಲ್ಪ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಇರಲೇಬೇಕು. ಇಡೀ ಸುತ್ತು ತಿರುಗಿಸಿ ನೋಡಿ, ಒಂದು ಕಡೆ ಸಡಿಲ ಇನ್ನೊಂದು ಕಡೆ ಬಿಗಿ ಇದ್ದರೆ ಸ್ಪಿಂಡಲ್ ಬಾಗಿದೆ ಅಥವಾ ಗೇರ್ ಓರೆಯಾಗಿದೆ. ಮೆಶ್ ಹೊಂದಿಸಲು ಎಕ್ಸೆಂಟ್ರಿಕ್ ಸ್ಪಿಂಡಲ್ ಸಿಗುತ್ತವೆ.

ಟ್ಯಾಪೆಟ್ ವಿಷಯದಲ್ಲಿ ಜಿಪುಣತನ ಬೇಡ. ಬುಲೆಟ್ಟಿನ ಟ್ಯಾಪೆಟ್ ಪಾದ ಚಪ್ಪಟೆ, ಅದು ಕ್ಯಾಮ್ ಮೇಲೆ ಉಜ್ಜುತ್ತಲೇ ಇರುತ್ತದೆ. ಹಳೆಯ ಪಾದದಲ್ಲಿ ಬಿದ್ದಿರುವ ಗುಳಿ ಹಳೆಯ ಲೋಬಿನ ಅಚ್ಚು. ಹೊಸ ಕ್ಯಾಮಿಗೆ ಹಳೆಯ ಟ್ಯಾಪೆಟ್ ಹಾಕಿದರೆ ಕೆಲವೇ ನೂರು ಕಿಲೋಮೀಟರಿನಲ್ಲಿ ಹೊಸ ಕ್ಯಾಮ್ ಹಾಳು.

ಗೇರ್‌ಗಳ ಮೇಲಿನ ಗುರುತುಗಳನ್ನು ಒಂದರೆದುರು ಒಂದು ಕೂರಿಸಿದರೆ ಮುಗಿಯಿತು ಅನ್ನುವವರೇ ಹೆಚ್ಚು. ಹೊಸ ಕ್ಯಾಮ್ ಹಾಕಿದಾಗ ಅದನ್ನು ನಂಬಬೇಡಿ. ಪ್ರೈಮರಿ ಕವರ್ ತೆಗೆದು ಆಲ್ಟರ್ನೇಟರ್ ರೋಟರ್ ನಟ್‌ಗೆ ಡಿಗ್ರಿ ವೀಲ್ (ಕೋನಗಳನ್ನು ಗುರುತಿಸಿದ ತಟ್ಟೆ) ಕಟ್ಟಿ. ಟಿಡಿಸಿಯನ್ನು ಕಣ್ಣಂದಾಜಿನಿಂದ ಹಿಡಿಯಲಾಗದು, ಏಕೆಂದರೆ ಪಿಸ್ಟನ್ ಅಲ್ಲಿ ಹಲವು ಡಿಗ್ರಿ ನಿಂತಂತೆಯೇ ಇರುತ್ತದೆ. ಹಳೆಯ ಸ್ಪಾರ್ಕ್ ಪ್ಲಗ್ಗಿನ ಒಡಲಿಗೆ ಬೋಲ್ಟ್ ಕೂರಿಸಿ ಪಿಸ್ಟನ್ ಸ್ಟಾಪ್ ಮಾಡಿಕೊಳ್ಳಿ. ಎಂಜಿನ್ನನ್ನು ಕೈಯಿಂದ ನಿಧಾನವಾಗಿ ಒಂದು ದಿಕ್ಕಿಗೆ ತಿರುಗಿಸಿ ತಾಗಿದಲ್ಲಿ ಓದಿ, ವಿರುದ್ಧ ದಿಕ್ಕಿಗೆ ತಿರುಗಿಸಿ ಮತ್ತೆ ಓದಿ. ಎರಡರ ನಡುಬಿಂದುವೇ ನಿಜವಾದ ಟಿಡಿಸಿ. ಆಮೇಲೆ ಸ್ಟಾಪ್ ತೆಗೆದು ವಾಲ್ವ್ ರಿಟೇನರ್ (ಸ್ಪ್ರಿಂಗನ್ನು ಹಿಡಿದಿಡುವ ಬಟ್ಟಲು) ಮೇಲೆ ಡಯಲ್ ಗೇಜ್ ಇಟ್ಟು ಅತಿ ಹೆಚ್ಚು ಲಿಫ್ಟ್ ಎಲ್ಲಿ ಬರುತ್ತದೆ ನೋಡಿ. ಮೂಲ ಟೈಮಿಂಗಿನಲ್ಲಿ ಇನ್‌ಲೆಟ್ಟಿನದು ಟಿಡಿಸಿ ಆಗಿ 105 ಡಿಗ್ರಿಗೆ, ಎಕ್ಸಾಸ್ಟಿನದು ಟಿಡಿಸಿಗೆ 110 ಡಿಗ್ರಿ ಮುಂಚೆ ಬರಬೇಕು. ಪರ್ಫಾರ್ಮೆನ್ಸ್ ಕ್ಯಾಮಿಗೆ ಅದರ ಕಾರ್ಡಿನ ಕೋನಗಳಿಂದ ಇದೇ ರೀತಿ ಲೆಕ್ಕ: ಒಟ್ಟು ಅವಧಿಯನ್ನು ಎರಡರಿಂದ ಭಾಗಿಸಿ, ಇನ್‌ಲೆಟ್ಟಿಗಾದರೆ ತೆರೆಯುವ ಕೋನವನ್ನು, ಎಕ್ಸಾಸ್ಟಿಗಾದರೆ ಮುಚ್ಚುವ ಕೋನವನ್ನು ಕಳೆಯಿರಿ. ಎರಡು ಮೂರು ಡಿಗ್ರಿ ವ್ಯತ್ಯಾಸ ನಡೆಯುತ್ತದೆ. ಹತ್ತು ಡಿಗ್ರಿಗಿಂತ ಹೆಚ್ಚು ಬಂದರೆ ಒಂದು ಹಲ್ಲು ತಪ್ಪಿದೆ. ಒಂದು ಹಲ್ಲಿಗೆ ಎಷ್ಟು ಡಿಗ್ರಿ ಎಂದು ತಿಳಿಯಲು 720ನ್ನು ಕ್ಯಾಮ್ ಗೇರಿನ ಹಲ್ಲಿನ ಎಣಿಕೆಯಿಂದ ಭಾಗಿಸಿದರೆ ಸಾಕು.

ಇದಾದ ಮೇಲೆ ವಾಲ್ವ್ ಪಿಸ್ಟನ್ನಿಗೆ ತಾಗುವುದೇ ಎಂಬ ಪರೀಕ್ಷೆ. ಹೆಡ್ ತೆಗೆದು ಪಿಸ್ಟನ್ ತಲೆಯ ಮೇಲೆ ಮಕ್ಕಳು ಆಡುವ ಕ್ಲೇ ಅಂಟಿಸಿ, ಸ್ವಲ್ಪ ಎಣ್ಣೆ ಸವರಿ, ಗ್ಯಾಸ್ಕೆಟ್ ಸಮೇತ ಹೆಡ್ ಕೂರಿಸಿ ಬಿಗಿ ಮಾಡಿ ಕೈಯಿಂದ ಎರಡು ಸುತ್ತು ತಿರುಗಿಸಿ. ಕ್ಲೇಯನ್ನು ಬ್ಲೇಡಿನಿಂದ ಕತ್ತರಿಸಿ ಅತಿ ತೆಳುವಾದ ಕಡೆ ಅಳೆಯಿರಿ. ಇನ್‌ಲೆಟ್ ಕಡೆ 1.5 ಮಿ.ಮೀ, ಎಕ್ಸಾಸ್ಟ್ ಕಡೆ 2 ಮಿ.ಮೀಗಿಂತ ಕಡಿಮೆ ಇದ್ದರೆ ಪಿಸ್ಟನ್ನಿಗೆ ಪಾಕೆಟ್ ಕೊರೆಸಬೇಕು. ಎಕ್ಸಾಸ್ಟಿಗೆ ಹೆಚ್ಚು ಬಿಡುವುದು ಏಕೆಂದರೆ ಆ ವಾಲ್ವ್ ಹೆಚ್ಚು ಬಿಸಿಯಾಗಿ ಉದ್ದವಾಗುತ್ತದೆ, ಮೇಲಾಗಿ ಪಿಸ್ಟನ್ ಅದನ್ನು ಅಟ್ಟಿಸಿಕೊಂಡು ಬರುತ್ತಿರುತ್ತದೆ. ಪೂರ್ತಿ ಲಿಫ್ಟಿನಲ್ಲಿ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಕಚ್ಚಿಕೊಳ್ಳದೆ ಕನಿಷ್ಠ 1 ಮಿ.ಮೀ ಆಟ ಉಳಿಯಬೇಕು. ರಿಟೇನರ್ ಮತ್ತು ವಾಲ್ವ್ ಗೈಡ್ ನಡುವೆಯೂ ಅಷ್ಟೇ ಬೇಕು. ಅದಿಲ್ಲದಿದ್ದರೆ ಮೊದಲು ಬಾಗುವುದು ಪುಶ್‌ರಾಡ್.

ಟೈಮಿಂಗ್ ಕವರ್ ಮುಚ್ಚುವಾಗ ಒಂದು ಚಿಕ್ಕ ವಸ್ತುವಿನ ಮೇಲೆ ಎಂಜಿನ್ನಿನ ಆಯುಷ್ಯ ನಿಂತಿದೆ: ಕ್ರ್ಯಾಂಕ್ ತುದಿ ಕವರಿನೊಳಗೆ ಸೇರುವಲ್ಲಿರುವ ಸೀಲ್. ಬಿಗ್ ಎಂಡಿಗೆ ಎಣ್ಣೆ ಹೋಗುವುದು ಆ ದಾರಿಯಿಂದಲೇ. ಅಂಚು ಮಡಚಿದ, ಕಲ್ಲಿನಂತೆ ಗಟ್ಟಿಯಾದ ಹಳೆಯ ಸೀಲನ್ನೇ ಬಿಟ್ಟರೆ ಎಣ್ಣೆ ಒಳಗೆ ಹೋಗದೆ ಪಕ್ಕಕ್ಕೆ ಸೋರುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಹೊಸದು ಹಾಕಿ, ಎಣ್ಣೆ ಸವರಿ, ಕವರನ್ನು ನೇರವಾಗಿ ತಳ್ಳಿ. ಎಣ್ಣೆ ಪಂಪಿನ ಗೇರ್ ವರ್ಮಿಗೆ (ಪಂಪನ್ನು ತಿರುಗಿಸುವ ಸುರುಳಿ ಗೇರ್) ಕೂರದಿದ್ದರೆ ಸುತ್ತಿಗೆ ಬೇಡ, ಎಂಜಿನ್ನನ್ನು ಸ್ವಲ್ಪ ತಿರುಗಿಸಿದರೆ ತಾನಾಗಿ ಕೂರುತ್ತದೆ. ವರ್ಮ್ ನಟ್ ಬಿಚ್ಚಬೇಕಾಗಿ ಬಂದರೆ ಅದು ಎಡಗೈ ಥ್ರೆಡ್ ಎಂಬುದು ನೆನಪಿರಲಿ.

ಕಂಪನಿ ಕ್ಯಾಮಿಗೆ ಟ್ಯಾಪೆಟ್ ಸೆಟ್ಟಿಂಗ್ ಸುಲಭ. ಎಂಜಿನ್ ಪೂರ್ತಿ ತಣ್ಣಗಿರುವಾಗ, ಕಂಪ್ರೆಷನ್ ಸ್ಟ್ರೋಕಿನ ಟಿಡಿಸಿಯಲ್ಲಿ, ಪುಶ್‌ರಾಡನ್ನು ಎರಡು ಬೆರಳಿನಿಂದ ತಿರುಗಿಸಿದರೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಪರ್ಫಾರ್ಮೆನ್ಸ್ ಕ್ಯಾಮಿಗೆ ಕಾರ್ಡಿನಲ್ಲಿ ಏನಿದೆಯೋ ಅದೇ. ಎಕ್ಸಾಸ್ಟ್ ಲಿಫ್ಟರ್ ಅಂದರೆ ಡಿಕಂಪ್ರೆಸರ್ ಕೇಬಲ್ಲಿಗೆ ಸಡಿಲ ಇದೆಯೇ ಮತ್ತೆ ನೋಡಿ. ಹೊಸ ಕ್ಯಾಮಿನಿಂದ ಟ್ಯಾಪೆಟ್ ಎತ್ತರ ಬದಲಾಗಿರುತ್ತದೆ. ಕೇಬಲ್ ಬಿಗಿಯಾಗಿ ವಾಲ್ವ್ ಕೂದಲೆಳೆಯಷ್ಟು ತೆರೆದೇ ಉಳಿದರೆ ಅದರ ಅಂಚು ಸುಡುತ್ತದೆ.

ಮೊದಲ ಸ್ಟಾರ್ಟ್‌ಗೆ ಮುಂಚೆ ಲೋಬ್ ಮತ್ತು ಟ್ಯಾಪೆಟ್ ಪಾದಕ್ಕೆ ಮಾಲಿಬ್ಡಿನಮ್ ಪೇಸ್ಟ್ ದಪ್ಪವಾಗಿ ಹಚ್ಚಿ, ಫಿಲ್ಟರ್ ಕೋಣೆಗೆ ಎಣ್ಣೆ ತುಂಬಿ. ಕಾರ್ಬ್ಯುರೇಟರ್, ಪಾಯಿಂಟ್ ಎಲ್ಲ ಮೊದಲೇ ಸರಿಮಾಡಿಟ್ಟುಕೊಂಡಿರಿ, ಏಕೆಂದರೆ ಹಿಡಿಯದ ಎಂಜಿನ್ನಿಗೆ ಐವತ್ತು ಕಿಕ್ ಹೊಡೆದರೆ ಆ ಪೇಸ್ಟ್ ಒರೆಸಿಹೋಗುತ್ತದೆ. ಹಿಡಿದ ಕೂಡಲೇ 2,000 ಆರ್‌ಪಿಎಂ ಆಸುಪಾಸಿನಲ್ಲಿ ಏರಿಳಿಸುತ್ತಾ ಇಡಿ, ಐಡ್ಲಿಂಗಿಗೆ ಬಿಡಬೇಡಿ. ಐಡ್ಲಿಂಗಿನಲ್ಲಿ ಕ್ಯಾಮಿಗೆ ಚಿಮ್ಮುವ ಎಣ್ಣೆ ಕಡಿಮೆ, ಮೂಗಿನ ಮೇಲೆ ಸ್ಪ್ರಿಂಗಿನ ಒತ್ತಡ ಹೆಚ್ಚು. ಗಾಳಿಯಿಂದ ತಣ್ಣಗಾಗುವ ಎಂಜಿನ್ ಆದ್ದರಿಂದ ಎದುರಿಗೆ ದೊಡ್ಡ ಫ್ಯಾನ್ ಇಡಿ. ರಾಕರ್‌ಗೆ ಹೋಗುವ ಪೈಪಿನ ಬ್ಯಾಂಜೋ ಬೋಲ್ಟನ್ನು ಸ್ವಲ್ಪ ಸಡಿಲಿಸಿ ಎಣ್ಣೆ ಬರುತ್ತಿದೆಯೇ ನೋಡಿ ಮತ್ತೆ ಬಿಗಿ ಮಾಡಿ.

ಜೆಟ್ಟಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಂಪನಿ 500ರಲ್ಲಿರುವ ಮಿಕ್‌ಕಾರ್ಬ್ ವಿಎಂ28ರಲ್ಲಿ ಮೇನ್ ಜೆಟ್ಟನ್ನು ಒಂದೊಂದೇ ಸಂಖ್ಯೆ ಮೇಲೇರಿಸಿ ಪ್ಲಗ್ ಓದಿ, ಅಂದರೆ ಅದರ ತುದಿಯ ಬಣ್ಣ ನೋಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ಅಷ್ಟು ತೆಳು. ಅಲ್ಲಿ ಸರಿಯಾಗಿ ಕೂತ ಜೆಟ್ ಮಂಗಳೂರಿಗೆ ಇಳಿದಾಗ ಲೀನ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ) ಆಗುತ್ತದೆ. ಕಂಪ್ರೆಷನ್ ಹೆಚ್ಚಿಸಿದ ಗಾಡಿಗೆ ಅದು ಅಪಾಯ, ಹಾಗಾಗಿ ರಿಚ್ ಕಡೆಗೆ ಒಂದು ಹೆಜ್ಜೆ ಇರಲಿ. ಪಾಯಿಂಟ್ ಬುಲೆಟ್ಟಿನ ಮೂಲ ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಸಮಯ) ಟಿಡಿಸಿಗೆ 0.8 ಮಿ.ಮೀ ಮುಂಚೆ. 8.5:1 ಪಿಸ್ಟನ್ ಹಾಕಿದ ಮೇಲೆ ಏರಿನಲ್ಲಿ ಕಟಕಟ ಎಂದು ನಾಕಿಂಗ್ ಕೇಳಿಸಿದರೆ ಸ್ವಲ್ಪ ರಿಟಾರ್ಡ್ ಮಾಡಿ, ಅಂದರೆ ಕಿಡಿಯನ್ನು ತಡಮಾಡಿ.

ಐನೂರು ಕಿಲೋಮೀಟರ್ ಆದಾಗ ಎಣ್ಣೆ ಬದಲಿಸಿ ಪುಶ್‌ರಾಡ್ ಮತ್ತೆ ತಿರುಗಿಸಿ ನೋಡಿ. ಕೂದಲೆಳೆಯಷ್ಟು ಸಡಿಲವಾಗಿದ್ದರೆ ಸಹಜ, ಭಾಗಗಳು ಕೂತುಕೊಂಡಿವೆ. ಎಕ್ಸಾಸ್ಟ್ ಬಿಗಿಯಾಗಿದ್ದರೆ ವಾಲ್ವ್ ಸೀಟ್ ಒಳಗೆ ಇಳಿಯುತ್ತಿದೆ. ಒಂದೇ ಕಡೆ ಸುತ್ತುಗಟ್ಟಲೆ ಸಡಿಲ ಬಂದಿದ್ದರೆ ಮತ್ತೆ ಅಡ್ಜಸ್ಟ್ ಮಾಡಿ ಓಡಿಸಬೇಡಿ, ಕವರ್ ಬಿಚ್ಚಿ. ಲೋಬಿನ ಮೇಲೆ ಹೊಳೆಯುವ ಒಂದೇ ಸಮನಾದ ಪಟ್ಟಿ ಇದ್ದರೆ ಕ್ಯಾಮ್ ಚೆನ್ನಾಗಿದೆ. ಬೂದುಬಣ್ಣಕ್ಕೆ ತಿರುಗಿ ಸೂಜಿಮೊನೆಯಂಥ ಗುಳಿಗಳು ಎದ್ದಿದ್ದರೆ ಕ್ಯಾಮ್, ಟ್ಯಾಪೆಟ್ ಎರಡನ್ನೂ ತೆಗೆದು ಎಣ್ಣೆ ದಾರಿಗಳನ್ನೆಲ್ಲ ತೊಳೆದೇ ಹೊಸ ಜೋಡಿ ಹಾಕಬೇಕು.